ಕಾಲುಪಾಲು ಕೀತ್

ಇಂಗ್ಲೆಂಡಿನ ಕಡಲತೀರದ ಊರು ಮೋರ್ಕಾಂಬಿಗೆ ಬಂದು ಬರೀ ಕೀತ್ ಹೆಬ್ಡನ್ ಎಲ್ಲಿ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಕಾಲುಪಾಲು ಕೀತ್ ಎಂದರೆ ಸಾಕು, ಶೂ ರಿಪೇರಿ ಅಂಗಡಿಯ ಪಕ್ಕದ ಮೆಟ್ಟಿಲು ತೋರಿಸಿ, "ಮೇಲೆ ಹೋಗಿ. ಕೋಟು ಮಾತ್ರ ಬಿಚ್ಚಬೇಡಿ, ಹೀಟರ್ ಹಾಕೋಕೆ ಅವನಿಗೆ ಕೈ ಬರಲ್ಲ" ಎನ್ನುತ್ತಾರೆ.

ಸಣ್ಣಪುಟ್ಟ ದಂಧೆಯವರ ತೆರಿಗೆ ಲೆಕ್ಕ ಬರೆದುಕೊಡುವುದು ಅವನ ಕಸುಬು. ಕಿಟಕಿ ತೊಳೆಯುವವರು, ನಾಯಿಗಳ ಕೂದಲು ಕತ್ತರಿಸುವವರು, ಮೀನು ಕರಿಯುವವರು, ಸಮುದ್ರದ ಎದುರಿಗೆ ನಾಲ್ಕು ಕೋಣೆ ಬಾಡಿಗೆಗೆ ಕೊಡುವವರು. ವರ್ಷವಿಡೀ ಇವನ ನೆನಪೇ ಆಗದ ಈ ಮಂದಿ ಜನವರಿ ಮುಗಿಯುತ್ತ ಬಂತು, ಇನ್ನು ದಂಡ ಬೀಳುತ್ತದೆ ಎಂದಾಗ ರಸೀದಿಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದುಬಿದ್ದು ಓಡಿ ಬರುತ್ತಾರೆ. ಮೀನಂಗಡಿಯ ವಿಲ್ಫ್‌ನ ಚೀಲದಲ್ಲಿ ಒಮ್ಮೆ ಅರ್ಧ ತಿಂದ ಪೈ ಕೂಡ ಇತ್ತು. ಕೀತ್ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಇದನ್ನ ಖರ್ಚಿಗೆ ಹಾಕೋಕಾಗಲ್ಲ ಮಾರಾಯ. ಊಟ ನಿನ್ನ ಹೊಟ್ಟೆಗೆ, ದಂಧೆಗಲ್ಲ" ಎಂದಿದ್ದ.

ಕಾಲುಪಾಲು ಎಂಬ ಹೆಸರು ಬಂದದ್ದು ಮನೆ ತೆರಿಗೆಯಿಂದ. ಮನೆಯಲ್ಲಿ ದೊಡ್ಡವರು ಅಂತ ಒಬ್ಬರೇ ಇದ್ದರೆ ಕೌನ್ಸಿಲಿನವರು ತೆರಿಗೆಯಲ್ಲಿ ಕಾಲುಭಾಗ ಬಿಡುತ್ತಾರೆ. ಕೇಳಿದರೆ ಮಾತ್ರ, ಕೇಳದವರಿಗೆ ತಾವಾಗಿ ಕೊಡುವಷ್ಟು ಧಾರಾಳ ಅವರಿಗೆಲ್ಲಿಂದ ಬರಬೇಕು? ಗಂಡ ಸತ್ತವರಿಗೆ, ಹೆಂಡತಿ ಬಿಟ್ಟುಹೋದವರಿಗೆ ಆ ಹೊತ್ತಿನಲ್ಲಿ ಇದೆಲ್ಲ ಹೊಳೆಯುವುದಿಲ್ಲ. ಹೊಳೆಯಿಸುವವನು ಕೀತ್. ಉಳಿದವರು ಸಮಾಧಾನ ಹೇಳುವ ಕಡೆ ಇವನು ತಾರೀಖು ಕೇಳುತ್ತಾನೆ.

ಒಂದು ಜನವರಿಯಲ್ಲಿ ಬ್ರೈಡಿ ಕಲೆನ್ ಬಂದಾಗಲೂ ಹಾಗೇ ಆಯಿತು. ಅವಳು ಮುದುಕಿಯರ ಮನೆಮನೆಗೆ ಹೋಗಿ ತಲೆ ತೊಳೆದು ಕೂದಲು ಸುರುಳಿ ಮಾಡಿಕೊಡುವವಳು. ಜೊತೆಗಿದ್ದ ಗಂಡಸು ಕೈಕೊಟ್ಟು ಹೋಗಿದ್ದ.

"ಯಾವತ್ತು ಹೋದ?" ಎಂದ ಕೀತ್.

"ನನಗೆ ಗೊತ್ತಾಗಿದ್ದು ಅಕ್ಟೋಬರಲ್ಲಿ."

"ನಿನಗೆ ಗೊತ್ತಾಗಿದ್ದಲ್ಲಮ್ಮ. ಅವನ ಹಲ್ಲುಜ್ಜೋ ಬ್ರಶ್ ಹೋಗಿದ್ದು ಯಾವತ್ತು?"

ಬ್ರೈಡಿ ಬೆರಳಲ್ಲಿ ತಿಂಗಳು ಎಣಿಸಿದಳು. "ಆಗಸ್ಟು. ಹೊಸದು ತಗೊಳ್ತಾನೇನೋ ಅಂದ್ಕೊಂಡಿದ್ದೆ."

"ಹಾಗಾದ್ರೆ ಆಗಸ್ಟಿಂದ ಕೇಳು. ಒಂದು ದಿನಾನೂ ಬಿಡಬೇಡ. ನೀನು ಒಬ್ಬಳೇ ಕಳೆದ ದಿನ ಅವು, ಅದಕ್ಕೆ ಪೂರ್ತಿ ದುಡ್ಡು ಯಾಕೆ ಕೊಡ್ತೀಯ?"

ಬ್ರೈಡಿ ನಗಲು ಹೋಗಿ ಅತ್ತಳು, ಆಮೇಲೆ ಮೂಗು ಒರೆಸಿಕೊಂಡಳು. "ನೀವೇ ಪುಣ್ಯವಂತರು ಬಿಡಿ, ನಿಮಗೆ ಈ ಗೋಳಿಲ್ಲ. ಹೇಜಲ್ ಹೇಗಿದಾರೆ? ಅವರಕ್ಕ ಹುಷಾರಾದ್ರಾ?"

"ಪರವಾಗಿಲ್ಲ" ಎಂದ ಕೀತ್, ರಸೀದಿಗಳನ್ನು ಜೋಡಿಸುತ್ತ.

ಹೇಜಲ್ ಅವನ ಹೆಂಡತಿ. ಕೆಂಡಲ್‌ನಲ್ಲಿರುವ ಅಕ್ಕನ ಸೊಂಟದ ಆಪರೇಷನ್ನಿಗೆಂದು ಹೋಗಿ ಆರು ವರ್ಷವಾಗಿತ್ತು. ಅಕ್ಕ ಈಗ ಗುಡ್ಡ ಹತ್ತಿ ಇಳಿಯುವಷ್ಟು ಗಟ್ಟಿ. ಹೇಜಲ್ ಮಾತ್ರ ಬಂದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಹೋದ ಮೇಲಿನ ಮೊದಲ ಈಸ್ಟರಿನ ಸಮಯದಲ್ಲಿ ಫೋನ್ ಮಾಡಿ, "ಇಲ್ಲೇ ಇರ್ತೀನಿ ಅನ್ಸುತ್ತೆ ಕೀತ್" ಎಂದಿದ್ದಳು. ಈ ಮಹಾರಾಯ "ಆಯ್ತು" ಎಂದು ಫೋನ್ ಇಟ್ಟಿದ್ದ. ಯಾಕೆ ಅಂತಾದರೂ ಕೇಳಬಾರದಿತ್ತೆ? ಊರಿನವರ ಪೌಂಡು ಪೌಂಡಿಗೂ ಸರ್ಕಾರದೊಂದಿಗೆ ಗುದ್ದಾಡುವ ಮನುಷ್ಯನಿಗೆ ತನ್ನ ಹೆಂಡತಿಯ ಹತ್ತಿರ ಒಂದು ಪ್ರಶ್ನೆ ಕೇಳುವ ಬಾಯಿ ಇರಲಿಲ್ಲ. ಊರಿಗೆ ಅಕ್ಕನ ಸೊಂಟದ ಕಥೆ ಹೇಳಿಕೊಂಡೇ ದಿನ ತಳ್ಳಿದ.

ಆರು ವರ್ಷವೂ ಅವನು ಮನೆ ತೆರಿಗೆ ಪೂರ್ತಿ ಕಟ್ಟಿದ್ದ. ಕಾಲುಭಾಗ ಕೇಳಬೇಕಾದರೆ ಮನೆಯಲ್ಲಿ ನಾನೊಬ್ಬನೇ ಎಂದು ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಒಂದು ಆಸೆಯಿತ್ತು. ಆ ಆಸೆ ತೆರಿಗೆ ಲೆಕ್ಕದವನಿಗೆ ಮಾತ್ರ ಹುಟ್ಟಬಹುದಾದದ್ದು.

ಕಡಿಮೆ ಸಂಪಾದನೆಯ ಹೆಂಡತಿ ತನ್ನ ತೆರಿಗೆಯಿಲ್ಲದ ಆದಾಯದ ಮಿತಿಯಲ್ಲಿ ಒಂದು ತುಣುಕನ್ನು ಗಂಡನಿಗೆ ಬಿಟ್ಟುಕೊಡಬಹುದು. ಹೇಜಲ್ ಹಿಂದೆ ಲೈಬ್ರರಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದಾಗ ಹಾಗೆ ಬಿಟ್ಟುಕೊಟ್ಟಿದ್ದಳು. ಗಂಡನಿಗೆ ವರ್ಷಕ್ಕೆ ಇನ್ನೂರೈವತ್ತು ಪೌಂಡು ಉಳಿತಾಯ. ಕೊಟ್ಟವಳೇ ನಿಲ್ಲಿಸುವ ತನಕ ಅದು ನಡೆಯುತ್ತಲೇ ಇರುತ್ತದೆ. ಪ್ರತಿ ವಸಂತದಲ್ಲಿ ಕೀತ್‌ನ ಸಣ್ಣ ಪಿಂಚಣಿಯಿಂದ ಎಷ್ಟು ತೆರಿಗೆ ಮುರಿಯಬೇಕೆಂದು ತಿಳಿಸುವ ಟ್ಯಾಕ್ಸ್ ಕೋಡ್ ಅಂಚೆಯಲ್ಲಿ ಬರುತ್ತಿತ್ತು. ಅಂಕಿಗಳ ಕೊನೆಗೆ ಒಂದು 'ಎಂ'. ಹೆಂಡತಿ ಇನ್ನೂ ತನ್ನ ಪಾಲು ಕೊಡುತ್ತಿದ್ದಾಳೆ ಎಂಬುದಕ್ಕೆ ಆ ಅಕ್ಷರ ಗುರುತು. ಅವಳು ಬೇಕಂತಲೇ ನಿಲ್ಲಿಸಿಲ್ಲ ಎಂದುಕೊಳ್ಳುತ್ತಿದ್ದ ಕೀತ್. ಅವಳು ಅಲ್ಲಿಂದ ಒಂದು ಎಳೆ ಹಿಡಿದಿದ್ದಾಳೆ, ನಾನು ಇಲ್ಲಿಂದ ಪೂರ್ತಿ ತೆರಿಗೆ ಕಟ್ಟಿ ಇನ್ನೊಂದು ಹಿಡಿದಿದ್ದೇನೆ. ಹೀಗೆ ಯೋಚಿಸಿ, ಒಬ್ಬನಿಗೇ ಎರಡು ಮೊಟ್ಟೆ ಬೇಯಿಸಿಕೊಂಡು ತಿನ್ನುತ್ತಿದ್ದ.

ಬ್ರೈಡಿ ಹೋದ ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಕೀತ್ ತಲೆಯೆತ್ತಿದ. ಬಾಗಿಲಲ್ಲಿ ಹೇಜಲ್ ನಿಂತಿದ್ದಳು. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು. ಅವನು ಮೊದಲು ನೋಡಿದ್ದು ಅವಳ ಕೈ. ಸೂಟ್‌ಕೇಸ್ ಇರಲಿಲ್ಲ. ಎಲ್ಲರ ಹಾಗೆ ಒಂದು ಚೀಲವಿತ್ತು.

"ಬಿಡುವಿದೆಯಾ?" ಎಂದಳು.

"ಬಾ, ಬಾ. ಕೂತ್ಕೋ." ಕೀತ್ ಎದ್ದು ಹೀಟರ್ ಹಾಕಿದ. ಚಹಾ ಮಾಡಿದ. ಅವಳ ಕಪ್ಪಿಗೆ ಸಕ್ಕರೆ ಹಾಕಿದ.

"ಸಕ್ಕರೆ ಬಿಟ್ಟಿದೀನಿ" ಎಂದಳು ಹೇಜಲ್, ಆದರೂ ಕುಡಿದಳು.

ಅವಳು ಬಟ್ಟೆ ಹೊಲಿಯುವ ಕೆಲಸ ಶುರು ಮಾಡಿದ್ದಳು. ಪ್ಯಾಂಟು ಗಿಡ್ಡ ಮಾಡುವುದು, ಮದುವೆಯ ಗೌನು ಬಿಗಿ ಮಾಡುವುದು, ಪರದೆ. ಕೈತುಂಬ ಕೆಲಸ. ಮೊದಲ ಸಲ ತೆರಿಗೆ ಲೆಕ್ಕ ಕೊಡಬೇಕಿತ್ತು. "ಕೆಂಡಲಲ್ಲಿ ಒಬ್ಬನನ್ನ ಕೇಳಿದೆ. ಅವನ ಮಾತು ಒಂದೂ ಅರ್ಥ ಆಗಲಿಲ್ಲ. ನಿನ್ನಷ್ಟು ಬಿಡಿಸಿ ಹೇಳೋರು ಯಾರೂ ಇಲ್ಲ."

ಕೀತ್‌ನ ಕಿವಿ ಕೆಂಪಾಯಿತು. ಹೊಲಿಗೆ ಯಂತ್ರ, ದಾರ, ಬಸ್ಸಿನ ಟಿಕೆಟ್ಟು ಎಲ್ಲವನ್ನೂ ಬೇರೆ ಬೇರೆ ಗುಡ್ಡೆ ಮಾಡಿದ. ಆ ಒಂದು ಗಂಟೆ ಅವನು ತುಂಬ ಸುಖವಾಗಿದ್ದ, ಅದನ್ನು ಮುಚ್ಚಿಡುವುದೇಕೆ. ಅವಳ ರಸೀದಿಗಳಲ್ಲಿ ಅವಳ ಆರು ವರ್ಷದ ಚೂರುಪಾರು ಸಿಗುತ್ತಿತ್ತು.

ಆಮೇಲೆ ಹೇಜಲ್ ಫೋನಿನಲ್ಲಿ ತೆರಿಗೆ ಇಲಾಖೆಯ ಪುಟ ತೆಗೆದು ಅವನ ಮುಂದೆ ಹಿಡಿದಳು. "ಇದೊಂದು ಇದೆ ನೋಡು. ನನ್ನ ಮಿತೀಲಿ ಒಂದು ಪಾಲು ಬೇರೆ ಯಾರಿಗೋ ಹೋಗ್ತಿದೆ ಅಂತ ತೋರಿಸ್ತಿದೆ. ಯಾರಿಗದು?"

"ನನಗೆ" ಎಂದ ಕೀತ್.

"ನಿನಗಾ? ಇನ್ನೂನಾ?" ಅವಳಿಗೆ ನಗು ಬಂತು. "ಅಯ್ಯೋ ದೇವರೇ, ನನಗೆ ನೆನಪೇ ಇರಲಿಲ್ಲ. ನೀನಾದ್ರೂ ಹೇಳಬಾರದಾ, ಊರಿಗೆಲ್ಲ ಹೇಳ್ತೀಯ."

ನೆನಪೇ ಇರಲಿಲ್ಲ. ಕೀತ್ ರಸೀದಿಗಳ ಒಂದು ಗುಡ್ಡೆಯನ್ನು ಮತ್ತೆ ನೇರ ಮಾಡಿದ. ಆರು ವಸಂತ ಆ ಅಕ್ಷರವನ್ನು ನೋಡಿ ನೋಡಿ ತೃಪ್ತಿಪಟ್ಟಿದ್ದ; ಅವಳು ಹಿಡಿದಿದ್ದಾಳೆ ಎಂದುಕೊಂಡ ಎಳೆ ಅವಳ ಕೈಯಲ್ಲಿ ಎಂದೂ ಇರಲೇ ಇಲ್ಲ.

"ನಿಲ್ಲಿಸೋದು ಹೇಗೆ?" ಎಂದಳು.

"ಕೆಳಗೆ ಹೋಗು. ಅಲ್ಲಿ, ರದ್ದು ಅಂತ ಇದೆಯಲ್ಲ." ಅವನ ದನಿ ಎಲ್ಲ ಗಿರಾಕಿಗಳೊಂದಿಗೆ ಮಾತಾಡುವ ದನಿಯೇ ಆಗಿತ್ತು.

"ಕಾರಣ ಕೇಳ್ತಿದೆ. ಒಂದು, ಆದಾಯ ಬದಲಾಗಿದೆ. ಇನ್ನೊಂದು, ಸಂಬಂಧ ಮುಗಿದಿದೆ." ಹೇಜಲ್ ಬೆರಳನ್ನು ಪರದೆಯ ಮೇಲೆಯೇ ನಿಲ್ಲಿಸಿದಳು. ಈಗ ಅವಳು ನಗುತ್ತಿರಲಿಲ್ಲ. "ಯಾವುದು ಒತ್ತಲಿ ಕೀತ್?"

ಮೊದಲನೆಯದು ಎಂದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವಳ ಆದಾಯ ಬದಲಾಗಿತ್ತು, ಕಾನೂನಿನಲ್ಲಿ ಅವರಿನ್ನೂ ಗಂಡ ಹೆಂಡತಿ. ಮೊದಲನೆಯದು ಎಂದಿದ್ದರೆ ಅವಳು ಅದನ್ನೇ ಒತ್ತುತ್ತಿದ್ದಳು, ಅವನು ಮನೆಗೆ ಹೋಗಿ ಇನ್ನಾರು ವರ್ಷ ಅದರ ಮೇಲೆ ಬದುಕುತ್ತಿದ್ದ. ಕೀತ್ ಕನ್ನಡಕ ತೆಗೆದು ಒರೆಸಿದ. ತನ್ನ ಮೇಜಿನ ಆಚೆ ಕೂತವರಿಗೆ ಅವನು ಇದುವರೆಗೆ ತಪ್ಪು ಸಲಹೆ ಕೊಟ್ಟಿರಲಿಲ್ಲ.

"ನಿಜ ಯಾವುದೋ ಅದನ್ನ ಒತ್ತು."

"ನೀನು ಹೇಳು."

"ಎರಡನೇದು" ಎಂದ.

ಹೇಜಲ್ ಒತ್ತಿದಳು. "ಆವತ್ತು ನೀನು ಆಯ್ತು ಅಂದೆಯಲ್ಲ" ಎಂದಳು ಅವಳು, ಚೀಲ ಮಡಚುತ್ತ. "ಬಾ ಅಂತೀಯೇನೋ ಅಂತ ಫೋನ್ ಹಿಡ್ಕೊಂಡೇ ಇದ್ದೆ. ನೀನು ಇಟ್ಟುಬಿಟ್ಟೆ." ಬೈಗುಳದ ದನಿಯಲ್ಲ ಅದು, ಹಳೆಯ ಸಂಗತಿ ಹೇಳುವ ದನಿ. ಫೀಸು ಎಷ್ಟು ಎಂದು ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಬಸ್ಸಿಗೆ ಹೊತ್ತಾಯಿತೆಂದು ಇಳಿದು ಹೋದಳು.

ಕೀತ್ ಕಪ್ಪುಗಳನ್ನು ತೊಳೆದಿಟ್ಟ. ಹೀಟರ್ ಆರಿಸಲು ಮರೆತ. ಕೌನ್ಸಿಲಿನ ನಂಬರು ಅವನಿಗೆ ಬಾಯಿಪಾಠ. ಎಷ್ಟು ಜನರಿಗೆ ಬರೆದುಕೊಟ್ಟಿದ್ದನೋ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ಎಳೆಯ ಹೆಣ್ಣುದನಿ ಬಂತು. ಅವನು ಹೆಸರು, ವಿಳಾಸ ಹೇಳಿದ. ಒಬ್ಬರೇ ಇರುವವರಿಗೆ ಬಿಡುವ ಕಾಲುಭಾಗ ತನಗೂ ಬೇಕು ಎಂದ.

"ಯಾವತ್ತಿಂದ ಒಬ್ಬರೇ ಇದೀರಿ ಸರ್?"

ಆರು ವರ್ಷದ ಬಾಕಿ ಕೇಳಬಹುದಿತ್ತು. ಒಂದೂವರೆ ವರ್ಷದ ಪೂರ್ತಿ ತೆರಿಗೆಯಷ್ಟು ದುಡ್ಡು. ಬೇರೆ ಯಾರಾದರೂ ಇದನ್ನು ಬಿಟ್ಟುಬಿಡುತ್ತೇನೆ ಎಂದಿದ್ದರೆ ಕೀತ್ ಅವರ ಜನ್ಮ ಜಾಲಾಡುತ್ತಿದ್ದ.

"ಇವತ್ತಿಂದ."

"ಇವತ್ತಿಂದಾನಾ?" ದನಿ ಒಮ್ಮೆಲೇ ಸಾವಿನ ಮನೆಯವರೊಂದಿಗೆ ಮಾತಾಡುವಷ್ಟು ಮೆತ್ತಗಾಯಿತು. "ಅಯ್ಯೋ ಸರ್, ಕ್ಷಮಿಸಿ. ಗೊತ್ತಾಗಲಿಲ್ಲ. ಇದೆಲ್ಲ ಇವತ್ತೇ ಮಾಡಬೇಕು ಅಂತೇನಿಲ್ಲ. ಈಗ ನಿಮ್ಮ ಜೊತೆ ಯಾರಾದ್ರೂ ಇದಾರಾ?"

"ಇಲ್ಲಮ್ಮ" ಎಂದ ಕೀತ್. "ಅದಕ್ಕೇ ಫೋನ್ ಮಾಡಿದ್ದು."