ಕರುಳೋ ಹಿತ್ತಾಳೆಯೋ

"ಅಮ್ಮಾ, ಬೊರ್ತೊಲೊ ಮಾಮಂಗೆ ಬೆರಳು ಮತ್ತೆ ಮೊಳೆಯುತ್ತಾ?"

ಮೆನೆಗೀನ ಹೀಗೆ ಕೇಳಿದಾಗ ಓರ್ಸೊಲಳ ಎರಡೂ ಕೈ ಬೂದಿನೀರಿನ ತೊಟ್ಟಿಯಲ್ಲಿ ಮೊಣಕೈವರೆಗೆ ಮುಳುಗಿದ್ದವು. ಕುರಿಮರಿಯ ಕರುಳು ಜಾರುವ ವಸ್ತು. ಉತ್ತರ ಹುಡುಕುತ್ತ ಹಿಡಿತ ಸಡಿಲಿಸಿದರೆ ತಳಕ್ಕಿಳಿದು ಗಂಟಾಗಿ ಕೂರುತ್ತದೆ.

"ಇಲ್ಲ ಕಂದಾ."

"ಈರುಳ್ಳಿ ಮೊಳೆಯುತ್ತಲ್ಲ?"

"ಈರುಳ್ಳಿಗೆ ಬೇರಿರುತ್ತೆ. ಹೋಗು, ತೊಟ್ಟಿಲ ಹತ್ರ ಕೂತ್ಕೊ. ತಮ್ಮನ ಮೂಗಿನ ಮೇಲೆ ನೊಣ ಕೂರ್ತಿದೆ."

ಮಗು ಹೋಯಿತು. ಪ್ರಶ್ನೆ ಮಾತ್ರ ತೊಟ್ಟಿಯ ಪಕ್ಕದಲ್ಲೇ ನಿಂತಿತು.

ಪಾದುವಾದ ಆ ಓಣಿಯಲ್ಲಿ ಬೊರ್ತೊಲೊ ಹೇಳಿಕೊಳ್ಳುವಂಥ ಮನುಷ್ಯನೇನಲ್ಲ. ಅಪ್ಪ ದೋಣಿಯವನು. ಕುಡಿದ ದಿನ ಹುಟ್ಟುಗೋಲಿನಿಂದ ಹೊಡೆಯುತ್ತಿದ್ದ, ಕುಡಿಯದ ದಿನ ಕುಡಿಯಲಿಲ್ಲವಲ್ಲ ಎಂದು ಹೊಡೆಯುತ್ತಿದ್ದ. ಹುಡುಗ ತಪ್ಪಿಸಿಕೊಂಡು ಬಂದು ವಿಶ್ವವಿದ್ಯಾಲಯದ ಜರ್ಮನ್ ವಿದ್ಯಾರ್ಥಿಯೊಬ್ಬನ ಬೂಟು ಒರೆಸುವ ಕೆಲಸಕ್ಕೆ ಸೇರಿದ. ಒಡೆಯನಿಗೆ ಬೂಟಿಗಿಂತ ಲ್ಯೂಟಿನ ಮೇಲೆ ಪ್ರೀತಿ. ಸೀಳಿದ ಪೇರು ಹಣ್ಣಿನಂತೆ ಉಬ್ಬಿದ ಹೊಟ್ಟೆಯ ಆ ವಾದ್ಯವನ್ನು ಮೊದಲು ಒರೆಸಲು ಕೊಟ್ಟ, ಆಮೇಲೆ ಶ್ರುತಿ ಮಾಡಲು, ಆಮೇಲೆ ನುಡಿಸಲು. ಒಂದು ಸಂಜೆ ಸೇತುವೆಯ ಮೇಲೆ ವಿದ್ಯಾರ್ಥಿಗಳ ಎರಡು ಗುಂಪು ಕತ್ತಿ ಹಿರಿದು ಬಡಿದಾಡಿಕೊಂಡಾಗ ಒಡೆಯ ಕುತ್ತಿಗೆಗೆ ಏಟು ತಿಂದು ಸತ್ತ. ಕೇಳುವವರಿಲ್ಲದ ಲ್ಯೂಟ್ ಬೊರ್ತೊಲೊನ ಹೆಗಲಿಗೆ ಬಂತು. ಅದರ ಬೆನ್ನಿನ ಪಟ್ಟಿಯ ಮೇಲೆ ಆ ದಿನದ ಕತ್ತಿಯ ಕಚ್ಚು ಕೊನೆಯವರೆಗೂ ಇತ್ತು.

ಅವನು ಮದುವೆಗೆ ಹಾಡುತ್ತಿದ್ದ, ಸಾವಿಗೆ ಹಾಡುತ್ತಿದ್ದ. ಬೆಳಗಿನ ಜಾವ ಹುಡುಗಿಯರ ಕಿಟಕಿಯ ಕೆಳಗೆ ಯಾರದೋ ಪ್ರೀತಿಯನ್ನು ಯಾರದೋ ಪರವಾಗಿ ಹಾಡುತ್ತಿದ್ದ. ಆಗದವರ ಕಿಟಕಿಯ ಕೆಳಗೆ ಮರ್ಯಾದೆ ತೆಗೆಯುವ ಹಾಡಿಗೆ ಕರೆದರೂ ಹೋಗುತ್ತಿದ್ದ. "ಹೊಟ್ಟೆಗೆ ಎರಡೂ ಒಂದೇ, ಅಕ್ಕಾ," ಎನ್ನುತ್ತಿದ್ದ.

ತಂತಿಗೆ ಮಾತ್ರ ಓರ್ಸೊಲಳ ಮನೆಗೇ ಬರಬೇಕು. ಅವಳು ಹೊಸೆದ ಕರುಳಿನ ಎಳೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಬೆರಳಿನಿಂದ ಮಿಡಿದು, ಬೆಳಕಿಗೆದುರಾಗಿ ನೋಡುತ್ತಿದ್ದ. ನಡುಗುವ ಎಳೆ ಎರಡೇ ಗೆರೆಯಾಗಿ ಕಂಡರೆ ತಂತಿ ಸಾಚಾ. ಗೆರೆಗಳು ಕಲಸಿಹೋದರೆ ಅದು ಯಾವ ಶ್ರುತಿಗೂ ನಿಲ್ಲುವುದಿಲ್ಲ. ಓರ್ಸೊಲ ಕೊಟ್ಟದ್ದನ್ನು ಅವನು ವಾಪಸು ಕೊಟ್ಟದ್ದು ಅಪರೂಪ. ಅವಳ ಗಂಡ ಆ ತಂತಿಗಳನ್ನು ಕಟ್ಟುಕಟ್ಟಾಗಿ ವೆನಿಸ್ಸಿಗೆ ಒಯ್ದು ಮಾರುತ್ತಿದ್ದ. ಅಲ್ಲಿಯೂ ಅವಳ ಹೆಸರು ಹೇಳಿದರೆ ಮಿಡಿದು ನೋಡದೆ ಕೊಳ್ಳುವವರಿದ್ದರು.

ಈಸ್ಟರ್ ಕಳೆದ ವಾರದ ಒಂದು ಬೆಳಗು, ಗಂಡ ಊರಲ್ಲಿಲ್ಲದಾಗ, ಅವಳು ಕಿಟಕಿಯ ಬಳಿ ಕೂತು ಕೂಸಿಗೆ ಹಾಲೂಡಿಸುತ್ತಿದ್ದಳು. ಎದುರು ಮನೆ ಕಟುಕ ತಾದಿಯೊನದು. ಅವನ ತಂಗಿ ಝನೆತ್ತಳ ಕಿಟಕಿಯ ಕೆಳಗೆ, ಕಮಾನಿನ ಮಬ್ಬಿನಲ್ಲಿ ಯಾರೋ ಹಾಡಲು ಶುರುಮಾಡಿದರು. ಬಾಯಿಗೆ ಬಟ್ಟೆ ಕಟ್ಟಿಕೊಂಡ ದನಿ. ಸಂತೆಯಿಂದ ಸಂತೆಗೆ ತಿರುಗಿ, ಕೊಂಡವರೆಲ್ಲ ಹಲ್ಲು ನೋಡಿ ಹಿಂದಕ್ಕಟ್ಟಿದ ಕುರಿಗೆ ಝನೆತ್ತಳನ್ನು ಹೋಲಿಸಿದ ಹಾಡು. ಹಾಡಿದವನು ಯಾರೆಂದು ತಿಳಿಯಲಿಲ್ಲ. ನುಡಿಸಿದ್ದು ಏನೆಂದು ಮಾತ್ರ ಓರ್ಸೊಲಳಿಗೆ ಮೊದಲ ಮೀಟಿನಲ್ಲೇ ತಿಳಿಯಿತು. ಕರುಳಿನ ತಂತಿ ಮಾತಾಡಿದ ಹಾಗೆ ನುಡಿದು ಆರುತ್ತದೆ. ಇದು ಗರಿಯಿಂದ ಕೆರೆದ ಹಿತ್ತಾಳೆ, ಝಣ್ ಝಣ್ ಎಂದು ಕಿವಿಯೊಳಗೇ ಉಳಿಯುವಂಥದು. ಅಂಥ ವಾದ್ಯ ಆ ಓಣಿಯಲ್ಲಿ ಇದ್ದದ್ದು ಒಂದೇ: ಸರದಿಗೆ ಕಾಯುವ ಗಿರಾಕಿಗಳು ಮೀಟಲೆಂದು ಕ್ಷೌರಿಕ ಲುನಾರ್ಡೊ ಗೋಡೆಗೆ ನೇತುಹಾಕಿದ್ದ, ಚಪ್ಪಟೆ ಬೆನ್ನಿನ ಚೆತ್ರ. ಝನೆತ್ತ ಮದುವೆ ಬೇಡವೆಂದು ಉಂಗುರ ಹಿಂದಿರುಗಿಸಿದ್ದು ಆ ಲುನಾರ್ಡೊನಿಗೇ.

ಕಟುಕರ ಮನೆಯ ಬಾಗಿಲು ದಡಾರನೆ ತೆರೆಯಿತು. ತಾದಿಯೊ ಮತ್ತವನ ತಮ್ಮ ಹೊರಬರುವಷ್ಟರಲ್ಲಿ ಹಾಡಿದವನು ಮಾಯವಾಗಿದ್ದ. ಅಣ್ಣತಮ್ಮ ಯೋಚಿಸಲಿಲ್ಲ. ಓಣಿಯಲ್ಲಿ ಕಿಟಕಿ ಕೆಳಗೆ ಹಾಡುವವನು ಒಬ್ಬನೇ ಎಂದುಕೊಂಡು ನೇರ ಬೊರ್ತೊಲೊನ ಕೋಣೆಗೆ ನುಗ್ಗಿದರು. ನಿದ್ದೆಯಲ್ಲಿದ್ದವನನ್ನು ಕಾಲು ಹಿಡಿದು ಮೆಟ್ಟಿಲ ಮೇಲೆ ಎಳೆದುತಂದರು. ಪ್ರತಿ ಮೆಟ್ಟಿಲಿಗೂ ತಲೆ ಬಡಿಯಿತು.

"ಅವನಲ್ಲ! ತಾದಿಯೊ, ಅವನಲ್ಲ ಕಣೋ!" ಕೂಸನ್ನು ಸೊಂಟಕ್ಕೇರಿಸಿಕೊಂಡು ಓರ್ಸೊಲ ಓಡಿಬಂದಳು. ತಮ್ಮ ಅವಳನ್ನು ನೂಕಿದ. ಕೂಸಿಗೆ ನೆಲ ತಾಗದ ಹಾಗೆ ಎತ್ತಿ ಹಿಡಿದು ಅವಳು ಮೊಣಕಾಲ ಮೇಲೆ ಬಿದ್ದಳು.

ಕುದುರೆಗೆ ನೀರಿಡುವ ಕಲ್ಲಿನ ಬಾನಿಯ ಅಂಚಿನ ಮೇಲೆ ಬಲಗೈ ಚಾಚಿ ಹಿಡಿದರು. ತಾದಿಯೊ ಎತ್ತಿನ ನೆತ್ತಿಗೆ ಹೊಡೆಯುವ ಮರದ ಸುತ್ತಿಗೆ ಎತ್ತಿದ. ಬೊರ್ತೊಲೊ ಹಾಡುಗಾರ, ಕೂಗು ಮೂರು ಓಣಿಗೆ ಕೇಳಿಸಿತು. ಎರಡನೆಯ ಏಟಿಗೆ ಕೂಗು ನಿಂತು ಬರೀ ಉಸಿರು ಬಂತು. ಆಮೇಲೆ ತಮ್ಮ ಲ್ಯೂಟನ್ನು ತಂದು ಅದರ ಹೊಟ್ಟೆಯ ಮೇಲೆ ಕಾಲಿಟ್ಟ. ಅದು ಮೊಟ್ಟೆಯ ಹಾಗೆ ಒಡೆಯಿತು.

ಮೊದಲು ಓಡಿಬಂದವನು ಲುನಾರ್ಡೊ. ಓಣಿಯವರ ಗಡ್ಡ ಬೋಳಿಸುವವನೂ ಮೂಳೆ ಕೂರಿಸುವವನೂ ಅವನೇ. ಬೊರ್ತೊಲೊನನ್ನು ಅಂಗಡಿಯ ಬೆಂಚಿನ ಮೇಲೆ ಮಲಗಿಸಿ, ಹಲ್ಲಿಗೆ ಚರ್ಮದ ಪಟ್ಟಿ ಕೊಟ್ಟು, ಜಜ್ಜಿಹೋದ ಎರಡು ಬೆರಳನ್ನು ಕತ್ತರಿಸಿ ತೆಗೆದ. ಭುಜ ಅದುಮಿ ಹಿಡಿದಿದ್ದ ಓರ್ಸೊಲ ತಲೆ ಎತ್ತಿದಾಗ ಗೋಡೆಯ ಚೆತ್ರ ಕಂಡಿತು. ಎಂದೂ ಗಿರಾಕಿಗಳ ಕಡೆ ಮುಖ ಮಾಡಿರುತ್ತಿದ್ದದ್ದು ಇವತ್ತು ಗೋಡೆಯ ಕಡೆ ತಿರುಗಿತ್ತು. ಲುನಾರ್ಡೊ ಅವಳ ಕಣ್ಣು ಹೋದ ಕಡೆ ನೋಡಿದ. ಮತ್ತೆ ಗರಗಸಕ್ಕೆ ಬಾಗಿದ.

ಕೆಲವು ದಿನ ಜ್ವರ. ಓರ್ಸೊಲ ಹುರುಳಿಯ ಸಾರು ಒಯ್ಯುತ್ತಿದ್ದಳು, ಮೆನೆಗೀನ ಹಿಂದೆಯೇ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಮಗು ನೆಲದ ಮೇಲೆ ಕೂತು, ತಾನು ಕೇಳಿದ್ದ ಕುರಿಯ ಹಾಡನ್ನು ಆಟಕ್ಕೆ ಗುನುಗಿತು. ನಡುನಡುವೆ ಬಾಯಲ್ಲೇ ವಾದ್ಯ: "ಝಣ್ ಝಣ್."

ಬೊರ್ತೊಲೊ ಎದ್ದು ಕೂತ. "ಹೀಗೇ ಕೇಳಿಸ್ತಾ ಪುಟ್ಟೀ? ಝಣ್ ಅಂತ?"

"ಹೂಂ. ಲುನಾರ್ಡೊ ಮಾಮನ ಅಂಗಡೀದು."

ಅವನು ಓರ್ಸೊಲಳ ಮುಖ ನೋಡಿದ. ಅವಳು ಬಟ್ಟಲು ಕೆಳಗಿಟ್ಟಳು. ಅಷ್ಟೇ ಸಾಕಾಯಿತು.

ಅಡ್ಡಗಟ್ಟುವ ಮೊದಲೇ ಅವನು ಬೀದಿ ದಾಟಿದ್ದ. ಎಡಗೈಯಿಂದ ಚೆತ್ರವನ್ನು ಕಿತ್ತು ಲುನಾರ್ಡೊನ ಮುಖಕ್ಕೆ ಬೀಸಿದ. ಮೂಗು ಮುರಿದ ಸದ್ದು ಹೊಸ್ತಿಲಲ್ಲಿದ್ದ ಓರ್ಸೊಲಳಿಗೆ ಕೇಳಿಸಿತು. ಮತ್ತೆ ಬೀಸಿದ. ಹಿತ್ತಾಳೆ ತಂತಿಗಳು ಹರಿದು ಲುನಾರ್ಡೊನ ಕೆನ್ನೆಯನ್ನು ಗೀರಿದವು. ಕೆಳಗೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಅಲ್ಲಿದ್ದ ಕ್ಷೌರದ ಕತ್ತಿಯನ್ನು ಗಂಟಲಿಗಿಟ್ಟ.

"ನನ್ನ ಬೆರಳು ಕೊಯ್ಯುವಾಗ ಏನ್ ಅನ್ನಿಸ್ತೋ ನಿಂಗೆ, ಹಂದಿ? ಏನ್ ಅನ್ನಿಸ್ತು?"

"ಕೊಂದುಬಿಡು," ಎಂದ ಲುನಾರ್ಡೊ. ಬಾಯಿಗೆ ಇಳಿದ ರಕ್ತ ನುಂಗಿ ಮತ್ತೆ ಅಂದ: "ಆದ್ರೆ ಮೊದ್ಲು ಕೈ ನೋಡ್ಕೊ. ಕಟ್ಟು ಬಿಚ್ಚಿಹೋಗಿದೆ. ಮೂರನೇ ಬೆರಳು ಕಪ್ಪಾಗ್ತಿದೆ. ಕೂತ್ಕೊ, ತೊಳೀತೀನಿ."

ಬೊರ್ತೊಲೊ ಕತ್ತಿಯನ್ನು ಅಲ್ಲೇ ಬಹಳ ಹೊತ್ತು ಒತ್ತಿ ಹಿಡಿದಿದ್ದ. ಗಂಟಲ ಚರ್ಮದ ಮೇಲೆ ಕೆಂಪು ಗೆರೆ ಮೂಡಿತು. ಆಮೇಲೆ ಎದ್ದು ಹೋಗಿ ಗಿರಾಕಿಯ ಹಾಗೆ ಬೆಂಚಿನ ಮೇಲೆ ಕೂತ. ಲುನಾರ್ಡೊ ಮೂಗಿಗೆ ಚಿಂದಿ ತುರುಕಿಕೊಂಡು ವಿನಿಗರ್ ತಂದ.

ಮೆನೆಗೀನ ಈರುಳ್ಳಿಯ ಮಾತೆತ್ತಿದ್ದು ಮಾರನೆಯ ದಿನ. ಮಗು ತೊಟ್ಟಿಲ ಕಡೆ ಹೋದ ಸ್ವಲ್ಪ ಹೊತ್ತಿಗೆ ತಾದಿಯೊ ಎಂದಿನಂತೆ ಕರುಳಿನ ಬಕೆಟ್ ಹೊತ್ತು ಬಂದ. ಇಳಿಸಿದವನು ಹೋಗದೆ ನಿಂತ.

"ಓರ್ಸೊಲಾ, ಅವತ್ತು ಏನೋ ಬಡ್ಕೊಂಡೆಯಲ್ಲ, ಅವನಲ್ಲ ಅಂತ?"

"ಬಡ್ಕೊಂಡೆ. ನಿಮ್ಮ ಕಿವಿಗೆ ಮೇಣ ಬಿದ್ದಿತ್ತು. ನನ್ನ ಮೊಣಕಾಲು ಇನ್ನೂ ಮಡಿಸೋಕಾಗಲ್ಲ."

"ನಮ್ಮ ಝನೆತ್ತಾನೂ ಈಗ ಹಾಗೇ ಅಂತಾಳೆ. ಅದು ಲ್ಯೂಟಲ್ಲ, ಹಿತ್ತಾಳೆ ತಂತಿ ಕಣೋ ಕೋಣಾ, ಅಂತಾಳೆ. ಕರುಳು ನಾವು ಕುಯ್ಯೋದು ತಾಯಿ, ಅದು ಹೇಗೆ ಹಾಡುತ್ತೆ ಅಂತ ನಮಗೇನ್ ಗೊತ್ತು? ಬೊರ್ತೊಲೊ ನಿನ್ನೆ ಕ್ಷೌರಿಕನ ಮೂತಿ ಒಡೆದನಂತೆ. ಕೇಳಿದ್ರೆ ಕುಡಿದು ಜಗಳ ಅಂತಾರೆ ಇಬ್ರೂ." ಅವನು ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡ. "ಕರುಳು ಹೊಸೆಯೋಳು ನೀನು. ನಿನ್ನ ಬಾಯಲ್ಲಿ ಬಂದದ್ದೇ ನಂಗೆ ಸಾಕ್ಷಿ. ಹಿತ್ತಾಳೆ ಅಂದ್ರೆ ಇವತ್ತು ಅದೇ ಕಲ್ಲಿನ ಮೇಲೆ ಆ ಕ್ಷೌರಿಕನ ಎರಡೂ ಕೈ. ಕರುಳು ಅಂದ್ರೆ ಮುಗೀತು, ನಾನು ಮಾಡಿದ್ದು ಸರಿ."

"ಕೂಸಿಗೆ ಹಾಲೂಡಿಸ್ತಿದ್ದೆ. ನೆನಪು ಮಾಡ್ಕೋಬೇಕು."

"ಮಾಡ್ಕೊ. ಸಂಜೆ ಗಂಟೆ ಹೊಡೆದಾಗ ಬರ್ತೀನಿ."

ಗಂಟೆಗೆ ಮುಂಚೆಯೇ ಬೊರ್ತೊಲೊ ಬಂದ. ಕೈಯನ್ನು ಎದೆಗೆ ಕಟ್ಟಿಕೊಂಡಿದ್ದ. ಒಣಹಾಕಿದ ತಂತಿಗಳ ಕೆಳಗೆ ಬಗ್ಗಿ ಬಂದು, ಅಭ್ಯಾಸಬಲದಿಂದ ಒಂದು ಎಳೆಯನ್ನು ಎಡಗೈಯಿಂದ ಹಿಡಿದ. ಇನ್ನೊಂದು ತುದಿ ಹಿಡಿಯಲು ಕೈಯಿಲ್ಲ. ಓರ್ಸೊಲ ಕೈ ಒರೆಸಿಕೊಂಡು ಆ ತುದಿ ಹಿಡಿದಳು. ಅವನು ಕಿರುಬೆರಳು ಚಾಚಿ ಮಿಡಿದ. ಎರಡು ಗೆರೆ, ಸ್ವಚ್ಛ.

"ಚೆನ್ನಾಗಿದೆ," ಎಂದ. "ತಾದಿಯೊ ಕೇಳಿದ್ನಂತೆ."

"ಕೇಳಿದ. ಹಿತ್ತಾಳೆ ಅಂತೀನಿ. ನಿನಗೆ ಈ ಗತಿ ತಂದವನು ಲುನಾರ್ಡೊ."

"ಕರುಳು ಅನ್ನು."

ಅವಳು ತಂತಿ ಬಿಟ್ಟಳು. "ಕರುಣೆ ಉಕ್ಕಿತಾ ಅವನ ಮೇಲೆ?"

"ಕರುಣೆನಾ? ಈ ವರ್ಷ ನಾನು ನುಡಿಸಿದ್ರಲ್ಲಿ ಚೆನ್ನಾಗಿ ಬಂದದ್ದು ಅವನ ಮೂಗು ಒಂದೇ." ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. "ಕಪ್ಪು ಮೇಲಕ್ಕೆ ಬರ್ತಿದೆ, ಅಕ್ಕಾ. ನಿನ್ನೆಯಿಂದ ಹೊತ್ತುಹೊತ್ತಿಗೂ ತೊಳೆದು, ಕೆರೆದು, ಕೂದಲೆಳೆ ಕೂದಲೆಳೆ ಹಿಂದಕ್ಕೆ ದಬ್ಬುತಿದಾನೆ. ಬೇರೆ ಯಾವನೇ ಆದ್ರೂ ಮೊಣಕೈಗೆ ಗರಗಸ ಇಟ್ಟು ಮುಗಿಸ್ತಾನೆ. ಹೆಬ್ಬೆರಳೂ ಅದರ ಪಕ್ಕದ್ದೂ ಉಳಿದ್ರೆ ಎರಡು ಬೆರಳಲ್ಲಿ ಹಳೇ ಹಾಡು ಎಷ್ಟೋ ನುಡಿಸಬಹುದು. ನಾನೇ ಒಪ್ಕೊತೀನಿ ಅಂತ ಅಳ್ತಾ ಕೂತಿದ್ದ ಆ ನಾಯಿ. ಬಾಯ್ಮುಚ್ಚು, ಇನ್ಮೇಲೆ ನಿನ್ನ ಕೈ ನಂದು, ಅಂದೆ."

"ಕರುಳಿನ ವಿಷಯದಲ್ಲಿ ನಾನು ಇವತ್ತಿನವರೆಗೂ ಸುಳ್ಳಾಡಿಲ್ಲ ಬೊರ್ತೊಲೊ. ನನ್ನ ಮಾತು ಅಂದ್ರೆ ಮಿಡಿದೂ ನೋಡದೆ ಕೊಳ್ತಾರೆ."

"ಅದಕ್ಕೇ ನಿನ್ನ ಹತ್ರ ಬಂದೆ. ಹೆಂಗಸರು ಕೂಗಿದ ಹಾಗೆ ಕೂಗಿದೆ, ಹಾಡಿದ್ದು ಬೊರ್ತೊಲೊನೇ, ಅನ್ನು. ನಂಗೆ ಬೀಳೋದೆಲ್ಲ ಬಿದ್ದಾಗಿದೆ, ಇನ್ನೇನ್ ಹೊಡೀತಾನೆ?"

ಗಂಟೆ ಹೊಡೆಯಿತು. ಕಮಾನಿನ ಕೆಳಗೆ ಮರದ ಮೆಟ್ಟುಗಳ ಸದ್ದು ಹತ್ತಿರವಾಯಿತು. ತೊಟ್ಟಿಲ ಬಳಿ ಮೆನೆಗೀನ ತಮ್ಮನನ್ನು ತೂಗುತ್ತ, ಆ ಕುರಿಯ ಹಾಡನ್ನೇ ಮೆಲ್ಲಗೆ ಶುರುಮಾಡಿದಳು.

ಬೊರ್ತೊಲೊ ಅತ್ತ ನೋಡಿ ದನಿ ತಗ್ಗಿಸಿದ.

"ಕರುಳು ಅನ್ನು, ಓರ್ಸೊಲಾ. ಮತ್ತೆ ಮಗೂಗೂ ಈಗಲೇ ಹೇಳು, ಆ ಝಣ್ ಝಣ್ ಬೇಡ ಅಂತ."