ಸೆರಗಲ್ಲಿ ಹಿಡಿದ ಬಲ್ಬು

ಮೊನ್ನೆ ಹಾಸನದ ಚಳಿಗೆ ಹೀಟರ್ ಹಚ್ಚಿದಾಗ, ವರ್ಷದ ಧೂಳು ಸುಟ್ಟ ವಾಸನೆ ಕೋಣೆ ತುಂಬಿತು. ಹೊಳೆನರಸೀಪುರದ ಫೋಟೋ ಸ್ಟುಡಿಯೋದ ದೀಪಗಳು ಕಾದಾಗಲೂ ಇದೇ ವಾಸನೆ. ಅದರ ಯಜಮಾನರು ನೆನಪಾದರು...

ನಾನಾಗ ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರ ಸ್ಟುಡಿಯೋದ ಮೇಲಿನ ರೂಮಿನಲ್ಲಿ ಒಬ್ಬನೇ ಇದ್ದೆ. ಕೆಳಗೆ ಅವರೂ ಒಬ್ಬರೇ. ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು, ಮಕ್ಕಳಿರಲಿಲ್ಲ. ಮೆಟ್ಟಿಲ ಬಳಿ ಎದುರಾದರೆ ‘ಊಟ ಆಯ್ತಾ ಸಾ’ ಎನ್ನುತ್ತಿದ್ದರು, ಅಷ್ಟೇ.

ಒಂದು ಸಂಜೆ ನನ್ನನ್ನು ಕೆಳಗೆ ಕರೆದರು. ಫೋಟೋ ತೆಗೆಯುವ ಹ್ಯಾಲೊಜೆನ್ ದೀಪದ ಬಲ್ಬುಗಳು ಮೇಲಿಂದ ಮೇಲೆ ಹೋಗುತ್ತಿದ್ದವು.

‘ಮೊದ್ಲು ಇಂಗಿರ್ಲಿಲ್ಲ ಸಾ. ಈಗೇನಾಯ್ತೋ ಕಾಣೆ,’ ಎನ್ನುತ್ತ ಹೊಸ ಬಲ್ಬನ್ನು ಬರಿಗೈಯಲ್ಲಿ ಹಿಡಿದು ಕೂರಿಸಹೋದರು.

ನಾನು ತಡೆದು ವಿವರಿಸಿದೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದು ಬೆಳಗುವಾಗ ಸವೆದು ಆವಿಯಾಗುತ್ತದೆ. ಮಾಮೂಲಿ ಬಲ್ಬಿನಲ್ಲಿ ಅದು ಗಾಜಿಗೆ ಮೆತ್ತಿ ಕಪ್ಪಾಗುತ್ತದೆ. ಇದರಲ್ಲಿ ತುಂಬಿರುವ ಹ್ಯಾಲೊಜೆನ್ ಅನಿಲ ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ಸೇರಿಸುತ್ತದೆ. ಅದು ನಡೆಯಬೇಕಾದರೆ ಗಾಜು ವಿಪರೀತ ಕಾದಿರಬೇಕು. ಬೆರಳಿನ ಜಿಡ್ಡು ತಾಗಿದ ಕಡೆ ಆ ಕಾವಿಗೆ ಗಾಜು ಕೆಟ್ಟು ಬಲ್ಬು ಹೋಗುತ್ತದೆ. ಬಟ್ಟೆಯಲ್ಲೇ ಹಿಡಿಯಬೇಕು.

ಅವರು ಕೈಯಲ್ಲಿದ್ದ ಬಲ್ಬನ್ನು ಮೇಜಿನ ಮೇಲಿಟ್ಟರು. ಆಮೇಲೆ, ‘ಬಲ್ಬು ಆಕೋಳು ಅವ್ಳೇ ಸಾ, ನನ್ನೆಂಡ್ತಿ. ಸೆರಗಲ್ಲೇ ಇಡ್ಕೊಳೋಳು. ಬಲ್ಬಿಗೂ ಮಡೀನಾ ಅಂತ ಆಡ್ಕೊಂಡು ನಗ್ತಿದ್ದೆ,’ ಎಂದರು.

‘ಯಾಕೆ ಅಂತ ಅವರು ಹೇಳಿರಲಿಲ್ವಾ?’

‘ಏಳಿರ್ತಾಳೆ. ನಾನು ಕೇಳಿಸ್ಕೊಂಡಿಲ್ಲ.’

ಅಂದಿನಿಂದ ಎಷ್ಟೋ ಸಂಜೆ ಮೇಲೆ ಬಂದು, ‘ಆ ಬಲ್ಬಿನ್ ಇಚಾರ ಇನ್ನೊಂದ್ಸಲ ಏಳಿ ಸಾ’ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಹೆಂಡತಿಯ ಮಾತಿಗೆ ಇಳಿಯುತ್ತಿದ್ದರು. ಅರಕಲಗೂಡಿನ ಮದುವೆಯೊಂದರಲ್ಲಿ ಆಕೆ ಫೋಟೋದ ದೀಪ ಹಿಡಿದು ನಿಂತಲ್ಲೇ ತೂಕಡಿಸಿದ್ದು, ಕೊಣನೂರಿನ ಸಂತೆಯಲ್ಲಿ ಬಳೆಗೆ ಹಟ ಹಿಡಿದದ್ದು... ನನಗೂ ಆ ಊರಿನಲ್ಲಿ ಮಾತಿಗೆ ಬೇರೆ ಯಾರಿದ್ದರು?

ಒಂದು ದಿನ ಉತ್ತರಪತ್ರಿಕೆಗಳ ರಾಶಿ ಮುಂದಿತ್ತು. ಅವರು ಬಂದು ಮತ್ತೆ ಅದನ್ನೇ ಕೇಳಿದಾಗ ತಲೆಯೆತ್ತದೆ, ‘ಅದನ್ನ ಆಗಲೇ ಹೇಳಿದೀನಲ್ಲ’ ಎಂದುಬಿಟ್ಟೆ.

‘ಔದು ಸಾ,’ ಎಂದು ಇಳಿದುಹೋದರು. ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ಮರುವರ್ಷ ನನಗೆ ಹಾಸನಕ್ಕೆ ವರ್ಗವಾಯಿತು. ಇಲ್ಲಿಂದ ಬಸ್ಸಿನಲ್ಲಿ ಗಂಟೆಯ ದಾರಿ, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ.

ನಿನ್ನೆ ಹೋದೆ. ಸ್ಟುಡಿಯೋ ಇದ್ದಲ್ಲಿ ಔಷಧಿ ಅಂಗಡಿಯಿದೆ. ಪಕ್ಕದ ಹೋಟೆಲಿನವನನ್ನು ಕೇಳಿದೆ.

‘ಚನ್ರಾಯಪಟ್ಣದ ತಂಗಿ ಮನೇಗೋಗಿದ್ರು ಸಾ. ಅಲ್ಲೇ ತೀರ್ಕೊಂಬುಟ್ರು, ಎರಡ್ವರ್ಸಾಯ್ತು. ನಿಮ್ಗೇನಾಗ್ಬೇಕಿತ್ತು ಅವ್ರು?’

‘ಮೇಲಿನ ರೂಮಲ್ಲಿದ್ದೆ,’ ಎಂದೆ. ಅವನು ಇನ್ನೇನಾದರೂ ಕೇಳಲಿ ಎಂದು ಸ್ವಲ್ಪ ಹೊತ್ತು ನಿಂತೆ. ಅಷ್ಟರಲ್ಲಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ್ದ.