ಚಿಂಚಿಲ್ಲಾಗೊಂದು ತಂಪು ಗೂಡು

ಬನಶಂಕರಿಯಲ್ಲಿ ತಾರಸಿಗೆ ಅಂಟಿಕೊಂಡ ಮೂರನೇ ಮಹಡಿಯನ್ನು ಬಾಡಿಗೆಗೆ ಹಿಡಿದವರು ಚಿಂಚಿಲ್ಲಾ ಸಾಕಬಾರದು. ನನಗೆ ಈ ಮಾತು ತಿಳಿಯುವಷ್ಟರಲ್ಲಿ ಅದು ನಾನೂ ಅಮ್ಮನೂ ಇದ್ದ ಮನೆಯೊಳಗೆ ಬಂದಾಗಿತ್ತು. ಬಿಟಿಎಂ ಲೇಔಟಿನ ಪೀಜಿಯಲ್ಲಿದ್ದ ಗೆಳತಿ ಅದನ್ನು ಕದ್ದುಮುಚ್ಚಿ ಸಾಕಿದ್ದಳು. ಪೀಜಿ ಆಂಟಿ ಕಂಡು ರಂಪ ಮಾಡಿದ ಮೇಲೆ, "ನೀನಾದ್ರೂ ಉಳಿಸ್ಕೊಳ್ಳೇ" ಎಂದು ಅಳುತ್ತ ತಂದುಕೊಟ್ಟಳು. ಇಲಿಯಂಥ ಅಗಲ ಕಿವಿ, ಅಳಿಲಿನಂಥ ಬಾಲ, ಬೂದಿ ಬಣ್ಣದ ದಟ್ಟ ತುಪ್ಪಳ. ಚಳಿ ಬೆಟ್ಟಗಳ ಪ್ರಾಣಿ. ಸೆಖೆ ತಡೆಯದು, ಮೈ ಒದ್ದೆಯಾಗಲೂಬಾರದು, ಸ್ನಾನವೂ ಒಣ ಧೂಳಿನಲ್ಲೇ. ಬಂದದ್ದೋ, ಸರಿಯಾಗಿ ಬೇಸಿಗೆ ಶುರುವಾಗುವಾಗ.

ಗೂಡಿಗೆಂದು ಮನೆಯಲ್ಲಿದ್ದ ಮರದ ಷೋಕೇಸನ್ನೇ ಬಲಿಕೊಟ್ಟೆ. ಹೊಸಕೆರೆಹಳ್ಳಿಯ ಬಡಗಿ ಗಾಜು ತೆಗೆದು ತಂತಿಬಲೆ ಹೊಡೆದ. ಹತ್ತಿ ಕೂರಲು ಪ್ಲೈವುಡ್ ಹಲಗೆ ತಂದಿದ್ದ.

"ಅಣ್ಣ, ಅದು ಎಲ್ಲಾ ಕಡಿಯುತ್ತೆ. ಪ್ಲೈವುಡ್ ಅಂಟು ಹೊಟ್ಟೆಗೆ ಹೋದ್ರೆ ಸತ್ತೇ ಹೋಗುತ್ತೆ. ಪೈನ್ ಹಾಕಿ" ಎಂದು ರೇಗಿದೆ.

"ಒಂದು ಇಲಿಗೆ ಇಷ್ಟೊಂದಾ ಮೇಡಂ?"

"ಇಲಿ ಅಲ್ಲಾರೀ!"

ಪೈನ್ ಹಲಗೆ ಬಂತು, ಒಣಹುಲ್ಲು ಬಂತು, ಧೂಳಿನ ಬೋಗುಣಿ ಬಂತು. ಮಲಗಿ ಮೈ ತಣಿಸಿಕೊಳ್ಳಲೆಂದು ಗ್ರಾನೈಟ್ ಅಂಗಡಿಯಿಂದ ಒಂದು ತುಂಡು ಕಲ್ಲನ್ನೂ ತಂದೆ. ಆದರೆ ಗೂಡು ಇಡುವುದೆಲ್ಲಿ? ಹಾಲಿನಲ್ಲಿ ಇಳಿಬಿಸಿಲು, ರೂಮಿನಲ್ಲಿ ತಾರಸಿಯ ಕಾವು. ಎಸಿ ಹಾಕಿಸ್ತೀನಿ ಅಂದರೆ ಮನೆ ಓನರ್, "ವೈರಿಂಗ್ ಹಳೇದಮ್ಮ, ತಡೆಯಲ್ಲ" ಎಂದು ಕೈಯಲ್ಲಾಡಿಸಿಬಿಟ್ಟರು. ಆ ಗೂಡನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದೂ ಎಳೆದೂ ಸೊಂಟ ಬಿದ್ದುಹೋಯಿತು. ಕಲ್ಲನ್ನು ಫ್ರಿಜ್ಜಿನಲ್ಲಿಟ್ಟು ತಂದಿಟ್ಟೆ, ನೋಡನೋಡುತ್ತಲೇ ಬೆಚ್ಚಗಾಯಿತು. ಕಿವಿ ಕೆಂಪಾದರೆ ಮೈ ಕಾದಿದೆ ಎಂದರ್ಥ. ಆಫೀಸಿನ ಕೆಲಸ ಬಿಟ್ಟು ಅದರ ಕಿವಿ ನೋಡುವುದೇ ನನ್ನ ಕೆಲಸವಾಯಿತು.

"ಅಮ್ಮಾ, ಇದನ್ನ ತಂಪಾಗಿಡೋದು ಹೇಗೆ? ನಂಗೆ ತಲೆ ಕೆಟ್ಟೋಗಿದೆ" ಎಂದು ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತು ಅತ್ತುಬಿಟ್ಟೆ. ಅಮ್ಮ ಒಳಗೆ ಸೊಪ್ಪು ಬಿಡಿಸುತ್ತಿದ್ದಳು.

ಯುಗಾದಿಯ ಬೆಳಿಗ್ಗೆ ಅಮ್ಮ ಎಂದಿನಂತೆ ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು. ಗೂಡಿನ ಬಾಗಿಲು ತೆರೆದಿತ್ತು. ಅಮ್ಮ ಚಿಂಚಿಲ್ಲಾವನ್ನು ಮಡಿಲಲ್ಲಿಟ್ಟುಕೊಂಡು ನೆತ್ತಿಯಿಂದ ಬಾಲದವರೆಗೂ ಎಣ್ಣೆ ನೀವುತ್ತಿದ್ದಳು. ಅಷ್ಟು ದಟ್ಟ ತುಪ್ಪಳ ಮೈಗೆ ಮೆತ್ತಿಕೊಂಡಿತ್ತು.

"ಪಾಪ, ಸೆಖೆಗೆ ಒದ್ದಾಡ್ತಿತ್ತು ಕಣೇ. ಹರಳೆಣ್ಣೆ ತಂಪಲ್ವಾ? ನೀನು ಚಿಕ್ಕೋಳಿದ್ದಾಗ ಮೈ ಕಾದ್ರೆ ಹೀಗೇ ಹಚ್ಚಿ ಇಳಿಸ್ತಿದ್ದೆ."

ಅಯ್ಯೋ ದೇವರೇ! ಅಮ್ಮನ ಮಡಿಲಿಂದ ಅದನ್ನು ಎತ್ತಿಕೊಂಡೆ. ತುಪ್ಪಳದೊಳಗೆ ಗಾಳಿಯಾಡದಿದ್ದರೆ ಈ ಪ್ರಾಣಿ ತನ್ನ ಕಾವಿನಲ್ಲೇ ಬೇಯುತ್ತದೆ. ಕಿವಿ ಕೆಂಪಾಗಿತ್ತು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದರೆ, "ನೀರು ಹಾಕ್ಬೇಡಿ. ತಣ್ಣಗಿರೋ ಕಲ್ಲಿನ ಮೇಲೆ ಮಲಗಿಸ್ಕೊಂಡು ತಕ್ಷಣ ಬನ್ನಿ" ಎಂದರು.

ಕ್ಲಿನಿಕ್ಕಿದ್ದದ್ದು ಜಯನಗರದಲ್ಲಿ. ಹಬ್ಬದ ದಿನ ಆಟೋ ಸಿಗುವುದೇ ಕಷ್ಟ. ಕೊನೆಗೆ ಸಿಕ್ಕ ಒಂದಕ್ಕೆ ಅಮ್ಮನೂ ನನ್ನ ಜೊತೆ ಹತ್ತಿದಳು. "ಅಣ್ಣ, ದಮ್ಮಯ್ಯ, ಬೇಗ ಹೋಗಿ" ಎಂದು ದಾರಿಯುದ್ದಕ್ಕೂ ಗೋಗರೆದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದರ ಎದೆಬಡಿತ ನನ್ನ ಬೆರಳಿಗೆ ಸಿಗದಾಯಿತು. ಮತ್ತೆ ಮತ್ತೆ ಒತ್ತಿ ನೋಡಿದೆ. ಇಲ್ಲ.

ಇಷ್ಟು ದಿನದ ಸಿಟ್ಟೆಲ್ಲ ನಾಲಿಗೆಯ ತುದಿಗೆ ಬಂತು. ಕೂಗಾಡಲೆಂದೇ ಅಮ್ಮನ ಕಡೆ ತಿರುಗಿದೆ. ಅಮ್ಮ ಬಗ್ಗಿ ಅದರ ಹಣೆ ಮುಟ್ಟಿ ನೋಡುತ್ತಿದ್ದಳು.

"ಇನ್ನೂ ಬಿಸಿ ಇದೆಯಲ್ಲೇ. ಎಣ್ಣೆ ಸ್ವಲ್ಪ ಕಮ್ಮಿ ಆಯ್ತೇನೋ?"

"ಇಲ್ಲಮ್ಮ," ಎಂದೆ. "ನೀನು ಸರಿಯಾಗೇ ಹಚ್ಚಿದ್ದೆ."